ನೆರೂಳಿಗೆ ಬಂದ ವಿಶ್ವಕಪ್: ಬಾಲೆಯರ ಕಾಲ್ಚೆಂಡಾಟವೂ ದೇಹಾರೋಗ್ಯವೂ

2022ನೆಯ ಇಸವಿಯ ಅಕ್ಟೋಬರ್ 30, ಭಾನುವಾರ. ದೀಪಾವಳಿ ಕಳೆದು ಇನ್ನೂ ವಾರ ತುಂಬಿರಲಿಲ್ಲ. ನವಿ ಮುಂಬಯಿಯ ನೆರೂಳ್‌ನಲ್ಲಿರುವ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಆ ರಾತ್ರಿ ದೀಪಸ್ತಂಭಗಳು ಬೆಳಗಿದುದು ಕ್ರಿಕೆಟ್ಟಿಗಾಗಿ ಅಲ್ಲ. ಹದಿನೇಳು ವರ್ಷದೊಳಗಿನ ಬಾಲೆಯರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ ಅಂದು ಅಲ್ಲಿ ನಡೆಯಿತು. ಒಂದು ಕಡೆ ಹಿಂದಿನ ಸಲದ ವಿಜೇತ ತಂಡವಾದ ಸ್ಪೇನ್. ಇನ್ನೊಂದು ಕಡೆ, ಗಂಡಸರದಿರಲಿ ಹೆಂಗಸರದಿರಲಿ, ಅದುವರೆಗೆ ಯಾವ ವಿಶ್ವಕಪ್ಪಿನಲ್ಲಿಯೂ ಅಂತಿಮ ಘಟ್ಟವನ್ನು ಕಾಣದಿದ್ದ ಕೊಲಂಬಿಯಾ.

ಎಂಬತ್ತೊಂದು ನಿಮಿಷಗಳ ಕಾಲ ಯಾರ ಖಾತೆಗೂ ಒಂದು ಗೋಲೂ ಜಮೆಯಾಗಲಿಲ್ಲ. 82ನೆಯ ನಿಮಿಷದಲ್ಲಿ ಚೆಂಡು ಕೊಲಂಬಿಯಾದ ರಕ್ಷಣೆಗೆ ನಿಂತಿದ್ದ ಆನಾ ಮರೀಯಾ ಗುಸ್ಮಾನ್ ಎಂಬ ಬಾಲೆಗೆ ತಗುಲಿ, ಆಕೆಯ ತಂಡದ ಬಲೆಯನ್ನೇ ಸೇರಿತು. ಉಳಿದ ಅವಧಿಯಲ್ಲಿ ಕೊಲಂಬಿಯಾದವರು ಎಷ್ಟು ಹೆಣಗಿದರೂ ಸಮ ಮಾಡಲಾಗಲಿಲ್ಲ. ಸ್ಪೇನ್ 1–0ಯಿಂದ ಗೆದ್ದು ಬಟ್ಟಲನ್ನೆತ್ತಿತು. ಲೆಡ್ಜರಿನಲ್ಲಿ ತಪ್ಪು ಖಾತೆಗೆ ಬಿದ್ದ ನಮೂದನ್ನು ಮರುದಿನ ತಿದ್ದಬಹುದು. ಫುಟ್‌ಬಾಲಿನಲ್ಲಿ ಆ ಸೌಕರ್ಯವಿಲ್ಲ. ಸ್ವಂತ ಗೋಲು ಹೊಡೆದವಳು ಎಂಬ ದಾಖಲೆಯನ್ನು ಹೊತ್ತು ಆ ಹುಡುಗಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು.

ಹಾರ್ಬರ್ ಮಾರ್ಗದ ರೈಲು ಹಿಡಿದರೆ ತಲುಪಬಹುದಾದಷ್ಟು ಸಮೀಪದಲ್ಲಿ ನಡೆದ ಈ ವಿಶ್ವಕಪ್ ಮುಂಬಯಿಯ ಬಹುಪಾಲು ಮನೆಗಳಲ್ಲಿ ಮಾತಿನ ವಿಷಯವಾಗಲಿಲ್ಲವೆಂದೇ ಹೇಳಬೇಕು. ಅದೇ ಭಾನುವಾರ ದೂರದ ಪರ್ತ್ ನಗರದಲ್ಲಿ ಭಾರತದ ಪುರುಷರ ಕ್ರಿಕೆಟ್ ತಂಡ ದಕ್ಷಿಣ ಆಫ್ರಿಕಾದ ಎದುರು ಆಡಿ ಸೋತಿತು. ಊರಿನ ದುಃಖವೆಲ್ಲ ಅತ್ತ ಹರಿದುಹೋಯಿತು. ಆದರೆ ಹೆಣ್ಣುಮಕ್ಕಳಿರುವ ಯಾವ ಸಂಸಾರಕ್ಕೂ ಹೆಚ್ಚು ಸಂಬಂಧಪಟ್ಟಿದ್ದು ನೆರೂಳಿನ ಆಟವೇ.

ಈ ಪಂದ್ಯಾವಳಿಯ ಇತಿಹಾಸ ದೀರ್ಘವಾದುದಲ್ಲ. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫೀಫಾ ಇದನ್ನು ಮೊದಲು ನಡೆಸಿದ್ದು 2008ರಲ್ಲಿ, ನ್ಯೂಜಿಲೆಂಡಿನಲ್ಲಿ. ಆಗ ಗೆದ್ದವರು ಉತ್ತರ ಕೊರಿಯಾದವರು. ಅನಂತರ ಎರಡು ವರ್ಷಕ್ಕೊಮ್ಮೆ ಟ್ರಿನಿಡಾಡ್, ಅಜರ್‌ಬೈಜಾನ್, ಕೋಸ್ಟಾರಿಕ, ಜೋರ್ಡಾನ್, ಉರುಗ್ವೆ ಹೀಗೆ ದೇಶದಿಂದ ದೇಶಕ್ಕೆ ಇದು ಸಂಚರಿಸಿತು. ಇಲ್ಲಿ ಆಡಿದ ಹುಡುಗಿಯರೇ ಮುಂದೆ ಹಿರಿಯರ ತಂಡದ ಬೆನ್ನೆಲುಬಾಗುತ್ತಾರೆ. ಮೊದಲ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿಯೆನಿಸಿದ ಜಪಾನಿನ ಮಾನಾ ಇವಾಬುಚಿ 2011ರಲ್ಲಿ ಹಿರಿಯರ ವಿಶ್ವಕಪ್ ಗೆದ್ದ ತಂಡದಲ್ಲಿದ್ದಳು. 2014ರಲ್ಲಿ ಕೋಸ್ಟಾರಿಕದಲ್ಲಿ ಜಪಾನಿಗೆ ಸೋತು ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟ ಸ್ಪೇನಿನ ಬಾಲೆಯರಲ್ಲಿ ಐತಾನಾ ಬೊನ್ಮಾತಿ ಒಬ್ಬಳು. 2023ರಲ್ಲಿ ಸ್ಪೇನ್ ಹಿರಿಯರ ವಿಶ್ವಕಪ್ ಗೆದ್ದಾಗ ಆಕೆಯೇ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ.

ಭಾರತಕ್ಕೆ ಮೊದಲು ಗೊತ್ತುಮಾಡಿದ್ದುದು 2020ರ ಪಂದ್ಯಾವಳಿ. ಕೊರೋನಾದ ಕಾರಣ ಅದು ಮುಂದಕ್ಕೆ ಹೋಗಿ, ಕೊನೆಗೆ ರದ್ದೇ ಆಯಿತು. ಬದಲಿಗೆ 2022ರ ಆತಿಥ್ಯ ದೊರೆಯಿತು. ಕಾಗದದ ಮೇಲೆ ಇದು ಕೇವಲ ದಿನಾಂಕದ ಬದಲಾವಣೆ. ಆದರೆ 2020ರ ಪಂದ್ಯಾವಳಿಗೆ ಅರ್ಹರಾಗಿದ್ದವರು 2003ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು; 2022ಕ್ಕೆ ಅದು 2005ರ ಜನವರಿ 1 ಆಯಿತು. ಮೊದಲ ಪಂದ್ಯಾವಳಿಗೆಂದು ಶಿಬಿರ ಸೇರಿ, ಮನೆಮಠ ಬಿಟ್ಟು ಬೆವರು ಸುರಿಸಿದ್ದ 2003, 2004ರ ಹುಡುಗಿಯರು ಒಂದು ಪಂದ್ಯವನ್ನೂ ಸೋಲದೆಯೇ ಹೊರಗುಳಿದರು. ಹದಿನಾರನೆಯ ವಯಸ್ಸು ಎರಡನೆಯ ಸಲ ಬರುವುದಿಲ್ಲ.

ಅಷ್ಟು ಸಾಲದೆಂಬಂತೆ, 2022ರ ಆಗಸ್ಟ್ ತಿಂಗಳ ನಡುವೆ, ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪವಾಗಿದೆಯೆಂಬ ಕಾರಣ ನೀಡಿ ಫೀಫಾ ಭಾರತದ ಫುಟ್‌ಬಾಲ್ ಒಕ್ಕೂಟವನ್ನೇ ಅಮಾನತುಗೊಳಿಸಿತು. ಪಂದ್ಯಾವಳಿ ಕೈತಪ್ಪುವುದೆಂದೇ ಅನೇಕರು ಬಗೆದರು. ಆಗಸ್ಟ್ 26ರಂದು ಅಮಾನತು ತೆರವಾಯಿತು. ಅದಕ್ಕೆ ಮೊದಲು, ತಂಡದ ವಿದೇಶ ಪ್ರವಾಸದ ನಡುವೆ, ತರಬೇತಿಯ ಸಿಬ್ಬಂದಿಯಲ್ಲೊಬ್ಬನನ್ನು ದುರ್ವರ್ತನೆಯ ಆರೋಪದ ಮೇಲೆ ಹಿಂದಕ್ಕೆ ಕರೆಸಿ ಕೆಲಸದಿಂದ ತೆಗೆಯಬೇಕಾಗಿತ್ತು. ದೊಡ್ಡವರ ಈ ರಗಳೆಗಳ ಮಧ್ಯೆ ಹದಿನಾರರ ಹುಡುಗಿಯರು ಚೆಂಡಿನ ಮೇಲೆ ಮನಸ್ಸಿಟ್ಟು ಅಭ್ಯಾಸ ಮಾಡಬೇಕಾಗಿತ್ತೆಂಬುದನ್ನು, ಮುಂದೆ ಬರುವ ಅಂಕಿಗಳನ್ನು ಓದುವಾಗ ಮರೆಯಬಾರದು.

ಆ ಅಂಕಿಗಳು ಹೀಗಿವೆ. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಭಾರತ ಅಮೆರಿಕಕ್ಕೆ 8–0, ಮೊರಾಕ್ಕೊಗೆ 3–0, ಬ್ರೆಜಿಲಿಗೆ 5–0 ಅಂತರದಲ್ಲಿ ಸೋತಿತು. ಮೂರು ಪಂದ್ಯಗಳಲ್ಲಿ ಹದಿನಾರು ಗೋಲು ಖರ್ಚು, ಜಮೆ ಸೊನ್ನೆ. ನಕ್ಕವರು ನಕ್ಕರು. ಆತಿಥೇಯ ರಾಷ್ಟ್ರವೆಂದು ಸಿಕ್ಕ ಸ್ಥಾನ, ಅರ್ಹತೆಯಿಂದಲ್ಲ ಎಂದವರೂ ಉಂಟು. ಆ ಮಾತು ಸುಳ್ಳಲ್ಲ. ಆದರೆ ಷರಾವನ್ನು ಮಾತ್ರ ಓದಿ ಲೆಕ್ಕಪತ್ರವನ್ನು ಮುಚ್ಚಿಡುವುದು ಒಳ್ಳೆಯ ಅಭ್ಯಾಸವಲ್ಲ.

ತಂಡದ ನಾಯಕಿ ಅಷ್ಟಂ ಒರಾಂವ್ ಜಾರ್ಖಂಡದ ಗುಮ್ಲಾ ಜಿಲ್ಲೆಯ ಒಂದು ಕುಗ್ರಾಮದವಳು. ಆಕೆ ವಿಶ್ವಕಪ್ಪಿಗೆ ನಾಯಕಿಯಾದಳೆಂದು ತಿಳಿದ ಬಳಿಕ ಆಡಳಿತ ಎಚ್ಚೆತ್ತು ಅವಳ ಮನೆಯವರೆಗೆ ರಸ್ತೆ ಮಾಡಿಸತೊಡಗಿತು. ಆ ರಸ್ತೆಗೆ ಮಣ್ಣುಕಲ್ಲು ಹೊತ್ತ ಕೂಲಿಗಳಲ್ಲಿ ಆಕೆಯ ತಂದೆತಾಯಿಯೂ ಇದ್ದರೆಂದು ಆ ದಿನಗಳ ಪತ್ರಿಕೆಗಳು ವರದಿ ಮಾಡಿದವು. ಮಗಳ ಕೀರ್ತಿಗೆ ಬಂದ ರಸ್ತೆ, ತಾಯಿಯ ತಲೆಯ ಮೇಲಿನ ಬುಟ್ಟಿ. ತಂಡದಲ್ಲಿ ಜಾರ್ಖಂಡದಿಂದಲೇ ಹಲವರು, ಮಣಿಪುರದಿಂದ ಕೆಲವರು, ಪುಣೆಯ ಕಾಜೋಲ್ ಡಿಸೋಜಾಳಂಥ ನಗರವಾಸಿಗಳು ವಿರಳ. ಅಮೆರಿಕದ ಹುಡುಗಿ ಐದಾರರ ವಯಸ್ಸಿನಿಂದ ಹಸಿರು ಹುಲ್ಲಿನ ಮೇಲೆ ತರಬೇತಿ ಪಡೆದು ಬಂದವಳು. ಸ್ವೀಡನ್ನಿನ ಅನುಭವಿ ತರಬೇತುದಾರ ಥಾಮಸ್ ಡೆನ್ನರ್‌ಬಿ ಈ ಹೊಸ ತಂಡವನ್ನು ಕಟ್ಟಲು ಪಡೆದದ್ದು 2022ರ ಕೆಲವೇ ತಿಂಗಳುಗಳನ್ನು. ಹತ್ತು ವರ್ಷದ ಠೇವಣಿಯ ಬಡ್ಡಿಯನ್ನು ಎಂಟು ತಿಂಗಳ ಉಳಿತಾಯ ಖಾತೆಯಲ್ಲಿ ಹುಡುಕಿದರೆ ಸಿಕ್ಕೀತೇ?

ಹಾಗೆಂದು ಬಡತನವೊಂದನ್ನೇ ನೆಪವಾಗಿ ಹೇಳಲೂ ಬರುವುದಿಲ್ಲ. ಇದೇ ಪಂದ್ಯಾವಳಿಯಲ್ಲಿ ಮೊದಲ ಬಾರಿಗೆ ವಿಶ್ವಕಪ್ ಕಂಡ ತಾಂಜಾನಿಯಾ, ಫ್ರಾನ್ಸನ್ನು 2–1ರಿಂದ ಸೋಲಿಸಿ ಎಂಟರ ಘಟ್ಟಕ್ಕೇರಿತು. ನೈಜೀರಿಯಾದ ಬಾಲೆಯರು ಅಮೆರಿಕವನ್ನು ಪೆನಾಲ್ಟಿ ಒದೆತಗಳಲ್ಲಿ ಕೆಡವಿ ಕೊನೆಗೆ ಮೂರನೆಯ ಸ್ಥಾನ ಪಡೆದರು.

ಹೆಣ್ಣಿಗೆ ಒಗ್ಗದ ಆಟ

ಹೆಣ್ಣುಮಕ್ಕಳ ಫುಟ್‌ಬಾಲಿನ ಚರಿತ್ರೆಯನ್ನು ಬಲ್ಲವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡೀತು. ಈ ಆಟದಿಂದ ಹೆಣ್ಣುಮಕ್ಕಳನ್ನು ದೂರವಿಟ್ಟವರು ಮುಂದೊಡ್ಡಿದ ಕಾರಣ ಆರೋಗ್ಯವೇ.

ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳ ಹೆಣ್ಣಾಳುಗಳು ಕಟ್ಟಿದ ತಂಡಗಳು ಅಪಾರ ಜನಪ್ರಿಯತೆ ಗಳಿಸಿದ್ದವು. ಪ್ರೆಸ್ಟನ್ ಪಟ್ಟಣದ ಡಿಕ್, ಕರ್ ಕಾರ್ಖಾನೆಯ ಮಹಿಳಾ ತಂಡ 1920ರ ಕ್ರಿಸ್‌ಮಸ್‌ನ ಮರುದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಆಡಿದಾಗ 53,000ದಷ್ಟು ಜನ ಸೇರಿದ್ದರಂತೆ. ಮುಂದಿನ ವರ್ಷವೇ, 1921ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಈ ಆಟ ಸ್ತ್ರೀಯರಿಗೆ ಒಗ್ಗದೆಂದು ನಿರ್ಣಯಿಸಿ ತನ್ನ ಸದಸ್ಯ ಸಂಸ್ಥೆಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಅರ್ಧ ಶತಮಾನದ ಬಳಿಕ, 1971ರ ಹೊತ್ತಿಗೆ, ಆ ನಿಷೇಧ ಸರಿಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ಇಂಥದೇ ನಿಷೇಧ. ಬ್ರೆಜಿಲಿನಲ್ಲಿಯೋ 1941ರಲ್ಲಿ ಸರಕಾರವೇ ಸ್ತ್ರೀ ಪ್ರಕೃತಿಗೆ ಹೊಂದದ ಆಟಗಳನ್ನು ಹೆಂಗಸರು ಆಡಕೂಡದೆಂದು ಆಜ್ಞೆ ಹೊರಡಿಸಿತ್ತು. ಅದು ತೆರವಾದದ್ದು 1979ರಲ್ಲಿ. ಮುಂದೆ ತಾಯಿಯಾಗಬೇಕಾದ ಶರೀರ ಇಂಥ ಹೊಡೆತಗಳನ್ನು ತಾಳದು ಎಂಬುದು ಎಲ್ಲೆಡೆಯೂ ಕೇಳಿಬಂದ ತರ್ಕ. ಕಾರ್ಖಾನೆಯಲ್ಲಿ ಫಿರಂಗಿಯ ಗುಂಡು ತುಂಬುವಾಗ, ಹೊಲದಲ್ಲಿ ಹೊರೆ ಹೊರುವಾಗ ತಾಳಿಕೊಂಡ ಶರೀರ ಚೆಂಡನ್ನು ಒದೆಯುವಾಗ ಮಾತ್ರ ಹೇಗೆ ಕೋಮಲವಾಯಿತೆಂದು ಕೇಳಿದವರು ಕಡಿಮೆ.

ಇದೇ ಅವಧಿಯಲ್ಲಿ ಭಾರತದಲ್ಲೇನಾಗುತ್ತಿತ್ತು? 1975ರಲ್ಲಿ ಮಹಿಳೆಯರ ಫುಟ್‌ಬಾಲಿಗಾಗಿಯೇ ಪ್ರತ್ಯೇಕ ಒಕ್ಕೂಟವೊಂದು ಇಲ್ಲಿ ಹುಟ್ಟಿತು. ಬ್ರೆಜಿಲಿನಲ್ಲಿ ನಿಷೇಧ ತೆರವಾದ ವರ್ಷದ ಕೊನೆಗೆ ಕೋಳಿಕ್ಕೋಡಿನಲ್ಲಿ ಆರಂಭವಾದ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ಪಿನಲ್ಲಿ ಭಾರತದ ವನಿತೆಯರು ಅಂತಿಮ ಪಂದ್ಯಕ್ಕೇರಿ ಎರಡನೆಯ ಸ್ಥಾನ ಪಡೆದರು. 1983ರಲ್ಲಿ ಬ್ಯಾಂಕಾಕಿನಲ್ಲಿಯೂ ಎರಡನೆಯ ಸ್ಥಾನ. ಅದೇ ವರ್ಷ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ಬೆಂಗಳೂರಿನ ಚಿತ್ರಾ ಗಂಗಾಧರನ್ ಅವರು ಭಾರತದ ಪರವಾಗಿ ಆಡಿದುದೂ ಆ ಕಾಲದಲ್ಲಿಯೇ. ಕರ್ನಾಟಕದ ಎಷ್ಟು ಮನೆಗಳಲ್ಲಿ ಅವರ ಹೆಸರು ಇಂದು ಗೊತ್ತು?

ಭುವನೇಶ್ವರದ 5–0ಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಬ್ರೆಜಿಲಿನ ಅಜ್ಜಿಯರಿಗೆ ಆಡುವ ಹಕ್ಕು ಆಗಷ್ಟೇ ಮರಳಿ ಸಿಕ್ಕಿದ್ದಾಗ ಭಾರತದ ಹೆಣ್ಣುಮಕ್ಕಳು ಏಷ್ಯಾದ ಮುಂಚೂಣಿಯಲ್ಲಿದ್ದರು. ಅಲ್ಲಿ ನಿಷೇಧ ಹೋದ ಮೇಲೆ ಮೈದಾನ ಬಂತು, ತರಬೇತಿ ಬಂತು, ಕೂಟಗಳು ಬಂದವು. ಇಲ್ಲಿ ನಿಷೇಧವೂ ಇರಲಿಲ್ಲ, ಪೋಷಣೆಯೂ ಇರಲಿಲ್ಲ. ಕಾನೂನು ಮಾಡದ ಕೆಲಸವನ್ನು ಅಲಕ್ಷ್ಯ ಮಾಡಿ ಮುಗಿಸಿತು.

ರಕ್ತ, ಮಂಡಿ ಮತ್ತು ಮನೆಯ ಅಡಿಗೆ

ಈಗ ಆರೋಗ್ಯದ ಮಾತು. ಆಡಬಾರದೆಂಬುದಕ್ಕೆ ಬಳಕೆಯಾದ ವೈದ್ಯಶಾಸ್ತ್ರ ಇಂದು, ಹೇಗೆ ಆಡಿದರೆ ಕ್ಷೇಮವೆಂಬುದನ್ನು ಹೇಳುವಷ್ಟು ಬೆಳೆದಿದೆ. ಫುಟ್‌ಬಾಲ್ ಆಡುವವರಿಗೆ ಮಾತ್ರವಲ್ಲ, ಬ್ಯಾಡ್ಮಿಂಟನ್, ಕಬಡ್ಡಿ, ಖೊಖೊ ಆಡುವ ಹುಡುಗಿಯರ ತಂದೆತಾಯಿಗಳಿಗೂ ಇದು ಅನ್ವಯಿಸುತ್ತದೆ.

ಮೊದಲನೆಯದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಐವರಲ್ಲಿ ಮೂವರು ಎಂದು ಸ್ಥೂಲವಾಗಿ ತಿಳಿಯಬಹುದು. ಹನ್ನೊಂದು ಮಂದಿಯ ತಂಡವನ್ನು ಈ ವಯಸ್ಸಿನ ಹುಡುಗಿಯರಿಂದ ಕಣ್ಣುಮುಚ್ಚಿ ಆರಿಸಿದರೆ ಆರೇಳು ಮಂದಿ ಮೈಯಲ್ಲಿ ರಕ್ತ ಸಾಲದವರೇ ಬಂದಾರು. ಇನ್ನು ಗೋಲಿನ ಮಾತೆಲ್ಲಿ?

ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಸ್ನಾಯುಗಳಿಗೆ ತಲುಪಿಸುತ್ತದೆ. ಅದನ್ನು ಕಟ್ಟಲು ಕಬ್ಬಿಣಾಂಶ ಬೇಕು. ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ವೈದ್ಯರು ಅದನ್ನು ರಕ್ತಹೀನತೆ ಎನ್ನುತ್ತಾರೆ. ತಿಂಗಳ ಮುಟ್ಟಿನಲ್ಲಿ ಹೋಗುವ ಕಬ್ಬಿಣ ಒಂದು ಕಡೆ. ಎತ್ತರ ಬೆಳೆಯುವ ಶರೀರದ ಬೇಡಿಕೆ ಇನ್ನೊಂದು ಕಡೆ. ಆಟವಾಡುವವಳಾದರೆ ಬೇಡಿಕೆ ಮತ್ತೂ ಹೆಚ್ಚು. ಹೀಗಿರುವಾಗ ಮಹಡಿ ಹತ್ತಿದರೆ ಏದುಸಿರು, ಸಂಜೆಯಾದರೆ ತಲೆನೋವು, ಪುಸ್ತಕ ಹಿಡಿದರೆ ತೂಕಡಿಕೆ ಇವೆಲ್ಲ ಹುಡುಗಿಯ ಸೋಮಾರಿತನವೆಂದು ಮನೆಯವರು ಬಯ್ದುಬಿಡುವುದುಂಟು. ಬಯ್ಯುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸುವುದು ಲೇಸು. ಅದರ ಖರ್ಚು ಒಂದು ಸಿನಿಮಾ ಟಿಕೆಟಿಗಿಂತ ಹೆಚ್ಚೇನೂ ಆಗದು.

ಊಟದ ಮಟ್ಟಿಗೆ ಕನ್ನಡ ನಾಡಿನ ಹಳೆಯ ಅಡಿಗೆಮನೆಯಲ್ಲಿ ಸಾಮಗ್ರಿಯ ಕೊರತೆಯಿರಲಿಲ್ಲ. ರಾಗಿ, ಹುರುಳಿ, ಅಲಸಂದೆ, ನುಗ್ಗೆ ಮತ್ತು ಹರಿವೆಯ ಸೊಪ್ಪು, ಎಳ್ಳು. ತಿನ್ನುವವರಿಗೆ ಮೀನು, ಮೊಟ್ಟೆ, ಮಾಂಸ. ಸೊಪ್ಪುಕಾಳುಗಳಲ್ಲಿರುವ ಕಬ್ಬಿಣವನ್ನು ಶರೀರ ಮಾಂಸದಲ್ಲಿರುವುದರಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಆದರೆ ಹುರುಳಿಯ ಸಾರಿಗೆ ನಿಂಬೆಯ ರಸ ಹಿಂಡಿದರೆ, ಕಾಳನ್ನು ಮೊಳಕೆ ಬರಿಸಿದರೆ, ಊಟದ ಜತೆಗೆ ಒಂದು ನೆಲ್ಲಿಕಾಯಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಕುಡಿಯುವ ಚಹ, ಕಾಫಿ ಅದನ್ನು ತಡೆಯುತ್ತವೆ. ಒಂದು ಗಂಟೆಯಾದರೂ ತಡೆದು ಕುಡಿಯುವುದು ಒಳ್ಳೆಯದು. ಮಹಾನಗರದ ಚಾಳು, ಫ್ಲಾಟುಗಳಲ್ಲಿ ಏಳೂವರೆಯ ಲೋಕಲ್ ಹಿಡಿಯುವ ಅವಸರದಲ್ಲಿ ಚಹ ಮತ್ತು ಬಿಸ್ಕತ್ತು ಬೆಳಗಿನ ಆಹಾರವಾಗಿಬಿಟ್ಟಿರುವ ಮನೆಗಳು ಇದನ್ನು ಗಮನಿಸಬೇಕು. ಸರಕಾರದ ಯೋಜನೆಯಂತೆ ಶಾಲೆಗಳಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಗುಳಿಗೆಯನ್ನು ಹೊಟ್ಟೆ ತೊಳಸುತ್ತದೆಂದು ಎಸೆಯುವ ಮಕ್ಕಳಿದ್ದಾರೆ. ಊಟದ ಬಳಿಕ ತೆಗೆದುಕೊಂಡರೆ ತೊಂದರೆ ಕಡಿಮೆಯಾಗುತ್ತದೆ. ರಕ್ತಹೀನತೆ ತೀವ್ರವಾಗಿದ್ದರೆ ಅಡಿಗೆಮನೆಯ ಚಿಕಿತ್ಸೆ ಸಾಲದು, ವೈದ್ಯರನ್ನೇ ಕಾಣಬೇಕು.

ಮುಟ್ಟಿನ ವಿಷಯದಲ್ಲಿ ಮನೆಯ ಹಿರಿಯರ ಆತಂಕ ಹಳೆಯದು. ಆ ದಿನಗಳಲ್ಲಿ ಓಡಿದರೆ, ಹಾರಿದರೆ ಗರ್ಭಕೋಶಕ್ಕೆ ಧಕ್ಕೆಯೆಂಬ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ. ಆಗುವುದಾದರೆ ಆಡಬಹುದು, ನೋವಿದ್ದರೆ ವಿಶ್ರಮಿಸಬಹುದು. ನಿಜವಾದ ಆತಂಕ ಬೇರೆಯದು. ಉಣ್ಣುವುದು ಕಡಿಮೆ, ಆಡುವುದು ಹೆಚ್ಚು ಆದಾಗ ಶರೀರ ತನ್ನ ಆಯವ್ಯಯವನ್ನು ಸರಿದೂಗಿಸಲು ಮುಟ್ಟನ್ನೇ ನಿಲ್ಲಿಸಿಬಿಡುತ್ತದೆ, ಎಲುಬು ಟೊಳ್ಳಾಗತೊಡಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟು ಎಚ್ಚರಿಸಿತು. ಆಡುವ ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತರೆ, ಇಲ್ಲವೆ ಹದಿನೈದು ತುಂಬಿದರೂ ಮೈನೆರೆಯದಿದ್ದರೆ, ಶ್ರಮದಿಂದ ಹೀಗೆ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸತಕ್ಕದ್ದು.

ಎರಡನೆಯದು ಮಂಡಿ. ತೊಡೆಯ ಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಮಂಡಿಯೊಳಗೆ ಅಡ್ಡಲಾಗಿ ಬಿಗಿದಿರುವ, ವೈದ್ಯರು ಎ.ಸಿ.ಎಲ್. ಎಂದು ಕರೆಯುವ ಗಟ್ಟಿ ನಾರಿನ ಪಟ್ಟಿಯೊಂದಿದೆ. ಓಡುತ್ತಾ ಥಟ್ಟನೆ ದಿಕ್ಕು ಬದಲಿಸಿದಾಗ, ಹಾರಿ ಒಂದೇ ಕಾಲ ಮೇಲೆ ಇಳಿದಾಗ ಇದು ಹರಿಯುವುದುಂಟು. ಯಾರೂ ಮುಟ್ಟಿರುವುದೇ ಇಲ್ಲ. ಹುಡುಗಿ ಕುಸಿದು ಬೀಳುತ್ತಾಳೆ. ಇಂಥ ಪೆಟ್ಟು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಮೂರು ಪಟ್ಟು, ಕೆಲವು ಅಧ್ಯಯನಗಳಂತೆ ಇನ್ನೂ ಹೆಚ್ಚು. ಜಗತ್ತಿನ ಶ್ರೇಷ್ಠ ಆಟಗಾರ್ತಿಯೆನಿಸಿದ್ದ ಸ್ಪೇನಿನ ಅಲೆಕ್ಸಿಯಾ ಪುತೆಯಾಸ್‌ಗೆ 2022ರ ಜುಲೈಯಲ್ಲಿ, ಯುರೋಪಿನ ಚಾಂಪಿಯನ್‌ಷಿಪ್ಪಿನ ಹೊಸ್ತಿಲಲ್ಲಿ, ಅಭ್ಯಾಸದ ವೇಳೆಯಲ್ಲೇ ಹೀಗಾಯಿತು.

ಇದಕ್ಕೆ ಕಾರಣಗಳು ಹಲವು. ಹುಡುಗಿಯರ ಸೊಂಟದ ಮೂಳೆ ಅಗಲ. ಹಾರಿ ಇಳಿಯುವಾಗ ಮಂಡಿಗಳು ಒಳಮುಖವಾಗಿ ವಾಲುವ ಪ್ರವೃತ್ತಿ ಹೆಚ್ಚು. ತೊಡೆಯ ಮುಂದಿನ ಸ್ನಾಯುವಿನ ಬಲಕ್ಕೆ ಹಿಂದಿನ ಸ್ನಾಯುವಿನ ಬಲ ಸಾಟಿಯಾಗುವುದಿಲ್ಲ. ಇವಲ್ಲದೆ ಇನ್ನೊಂದಿದೆ: ಹುಡುಗ ಆರನೆಯ ವಯಸ್ಸಿನಿಂದ ಗೇಟಿನ ಹೊರಗೆ ಹಾರಿ ಬಿದ್ದು ಇಳಿಯುವುದನ್ನು ಕಲಿತಿರುತ್ತಾನೆ; ಹುಡುಗಿಗೆ ಆ ಪಾಠವನ್ನು ಯಾರೂ ಕಲಿಸಿರುವುದಿಲ್ಲ. ಮೊದಲಿನ ಕಾರಣಗಳನ್ನು ಪ್ರಕೃತಿಗೆ ಬರೆಯೋಣ. ಕೊನೆಯದು ಸಂಸಾರದ ಖಾತೆಗೆ ಸೇರಬೇಕಾದ ನಮೂದು.

ಪರಿಹಾರ ದುಬಾರಿಯದಲ್ಲವೆಂಬುದು ಸಂತೋಷದ ಸಂಗತಿ. ಫೀಫಾದ ವೈದ್ಯಕೀಯ ಸಂಶೋಧಕರು ಇತರರೊಂದಿಗೆ ಸೇರಿ ‘ಹನ್ನೊಂದು ಪ್ಲಸ್’ ಎಂಬ, ಆಟದ ಪೂರ್ವದಲ್ಲಿ ಮೈ ಬಿಸಿ ಮಾಡಿಕೊಳ್ಳುವ ವ್ಯಾಯಾಮ ಕ್ರಮವೊಂದನ್ನು ರೂಪಿಸಿದರು. ಮೊದಲು ಎಂಟು ನಿಮಿಷ ನಿಧಾನದ ಓಟ. ಅನಂತರ ಹತ್ತು ನಿಮಿಷ ಹೊಟ್ಟೆ, ಬೆನ್ನು, ತೊಡೆಗಳನ್ನು ಬಲಪಡಿಸುವ ವ್ಯಾಯಾಮ, ಒಂಟಿ ಕಾಲಿನ ಸಮತೋಲ, ಬೈಠಕ್, ಹಾರಿ ಮೃದುವಾಗಿ ಇಳಿಯುವ ಅಭ್ಯಾಸ. ಕೊನೆಗೆ ಎರಡು ನಿಮಿಷ ವೇಗದ ಓಟ. ಒಟ್ಟು ಇಪ್ಪತ್ತು ನಿಮಿಷ. ಚೆಂಡೊಂದನ್ನು ಬಿಟ್ಟರೆ ಬೇರಾವ ಸಲಕರಣೆಯೂ ಬೇಡ. ಮಂಡಿ ಪಾದದ ನೇರಕ್ಕೇ ಇರಬೇಕು, ಒಳಕ್ಕೆ ವಾಲಕೂಡದು ಎಂಬುದೇ ಇದರ ಮುಖ್ಯ ಸೂತ್ರ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿ, ಫಲಿತಾಂಶವನ್ನು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಈ ಕ್ರಮವನ್ನು ಅನುಸರಿಸಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೆಯ ಒಂದು ಪಾಲಿನಷ್ಟು, ತೀವ್ರ ಗಾಯಗಳು ಅರ್ಧದ ಹತ್ತಿರ ಕಡಿಮೆಯಾಗಿದ್ದವು. ವಾರಕ್ಕೆ ಎರಡು ಮೂರು ದಿನ ತಪ್ಪದೆ ಮಾಡಿದಾಗ ಮಾತ್ರ ಫಲ. ಇಪ್ಪತ್ತು ನಿಮಿಷದ ಹೂಡಿಕೆಗೆ ಇಷ್ಟು ಲಾಭ ಕೊಡುವ ಯೋಜನೆ ಯಾವ ಬ್ಯಾಂಕಿನಲ್ಲಿಯೂ ಇಲ್ಲ. ಮಹಾನಗರಗಳ ಕನ್ನಡ ಶಾಲೆಗಳ ವ್ಯಾಯಾಮ ಶಿಕ್ಷಕರು ಇದನ್ನು ಬಳಕೆಗೆ ತಂದರೆ ಖರ್ಚಿಲ್ಲದೆ ಆಗುವ ಉಪಕಾರ.

ಲಿಂಡಾಳ ಕಥೆ

ನೆರೂಳಿನಲ್ಲಿ ಅಂದು ಆಡಿದವರಲ್ಲಿ ಜನರ ಕಣ್ಣೆಲ್ಲ ಕೊಲಂಬಿಯಾದ ಲಿಂಡಾ ಕೈಸೆದೋ ಮೇಲೆ. ಹದಿನಾಲ್ಕರಲ್ಲೇ ಹಿರಿಯರ ರಾಷ್ಟ್ರೀಯ ತಂಡಕ್ಕೆ ಆಡಿದವಳು. 2020ರಲ್ಲಿ, ಹದಿನೈದನೆಯ ವಯಸ್ಸಿಗೆ, ಆಕೆಗೆ ಅಂಡಾಶಯದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆ ನಡೆಯಿತು, ಬಳಿಕ ಕೀಮೋಥೆರಪಿ. ಮತ್ತೆ ಆಡುವುದಾಗಲಿಕ್ಕಿಲ್ಲವೆಂದು ಆಕೆಯೇ ಎಣಿಸಿದ್ದಳಂತೆ. ಆದರೆ 2021ರಲ್ಲಿಯೇ ಆಕೆ ತನ್ನ ಕ್ಲಬ್ಬಿನ ಪರ ಆಡಿ ದೇಶದ ಲೀಗ್ ಪ್ರಶಸ್ತಿಯನ್ನು ಗೆದ್ದಳು. 2022ರೊಂದೇ ವರ್ಷದಲ್ಲಿ ಹಿರಿಯರ ದಕ್ಷಿಣ ಅಮೆರಿಕ ಕೂಟ, ಇಪ್ಪತ್ತರೊಳಗಿನವರ ವಿಶ್ವಕಪ್, ಭಾರತದಲ್ಲಿ ಹದಿನೇಳರೊಳಗಿನವರ ವಿಶ್ವಕಪ್ ಮೂರರಲ್ಲಿಯೂ ಆಡಿದಳು. ನೆರೂಳಿನಲ್ಲಿ ಪಂದ್ಯಾವಳಿಯ ಎರಡನೆಯ ಶ್ರೇಷ್ಠ ಆಟಗಾರ್ತಿಯೆಂಬ ಬೆಳ್ಳಿ ಚೆಂಡು ಆಕೆಯ ಪಾಲಿಗೆ ಬಂತು.

ಈ ಕಥೆಯನ್ನು ಪವಾಡವೆಂದು ಓದಬಾರದು. ಅಂಡಾಶಯದ ಕ್ಯಾನ್ಸರ್ ಬಹುಮಟ್ಟಿಗೆ ನಡುವಯಸ್ಸು ದಾಟಿದವರ ರೋಗ. ಹದಿಹರೆಯದಲ್ಲಿ ಬಹಳ ಅಪರೂಪ. ಹದಿಹರೆಯದವರಲ್ಲಿ ಕಾಣಿಸುವ ಬಗೆಗಳಲ್ಲಿ ಹೆಚ್ಚಿನವು ಬೇಗ ಪತ್ತೆಯಾದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತವೆ. ಹೊಟ್ಟೆಯ ಕೆಳಭಾಗದಲ್ಲಿ ಬಿಡದ ನೋವು, ಕಾರಣವಿಲ್ಲದೆ ಹೊಟ್ಟೆ ಉಬ್ಬುವುದು, ಗಂಟಿನಂತೆ ಕೈಗೆ ತಗಲುವುದು ಇವು ಕೆಲವು ಲಕ್ಷಣಗಳು. ಹುಡುಗಿ ಹೊಟ್ಟೆನೋವೆಂದಾಗ ಮುಟ್ಟಿನ ನೋವೆಂದು ಕಷಾಯ ಕೊಟ್ಟು ಮಲಗಿಸುವುದು ಎಲ್ಲ ಮನೆಗಳ ರೂಢಿ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅದು ಸರಿಯೇ ಇರಬಹುದು. ನೋವು ವಾರಗಟ್ಟಲೆ ನಿಂತರೆ ಮಾತ್ರ ಕಷಾಯವನ್ನು ಬದಿಗಿಟ್ಟು ಒಂದು ಸ್ಕ್ಯಾನ್ ಮಾಡಿಸಬೇಕು. ಹೇಳಿಕೊಳ್ಳಲು ಹುಡುಗಿಗೆ ಸಂಕೋಚವಿರುತ್ತದೆ, ಕೇಳಲು ತಂದೆಗೆ ಸಂಕೋಚ. ರೋಗಕ್ಕೆ ಯಾವ ಸಂಕೋಚವೂ ಇಲ್ಲ.

ಭಾರತದ ಖಾತೆಯಲ್ಲಿಯೂ ಆ ಬಳಿಕ ಒಂದು ಸಣ್ಣ ಜಮೆ ಬಿದ್ದಿದೆ. 2025ರ ಅಕ್ಟೋಬರಿನಲ್ಲಿ ಕಿರ್ಗಿಜ್‌ಸ್ತಾನದ ಬಿಷ್ಕೆಕ್ ನಗರದಲ್ಲಿ ಹದಿನೇಳರೊಳಗಿನ ಹೊಸ ತಂಡವೊಂದು, ಅರ್ಧಾವಧಿಗೆ ಹಿಂದಿದ್ದರೂ, ಉಜ್ಬೇಕಿಸ್ತಾನವನ್ನು 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಸ್ವಂತ ಅರ್ಹತೆಯಿಂದ ಸ್ಥಾನ ಗಳಿಸಿತು. 2005ರ ಅನಂತರ ಈ ವಯೋಮಾನದ ಭಾರತ ತಂಡ ಅಲ್ಲಿಗೆ ಹೋಗಲು ಅರ್ಹವಾದದ್ದು ಇದೇ ಮೊದಲು. ವಿಶ್ವಕಪ್ಪು ಕೂಡ ಈಗ ಹಿಗ್ಗಿದೆ: 2025ರಿಂದ ಪ್ರತಿವರ್ಷವೂ ನಡೆಯುವಂತಾಗಿ, ತಂಡಗಳ ಸಂಖ್ಯೆ 16ರಿಂದ 24ಕ್ಕೇರಿತು. ಆ ವರ್ಷ ಮೊರಾಕ್ಕೊದಲ್ಲಿ ಗೆದ್ದ ಉತ್ತರ ಕೊರಿಯಾಕ್ಕೆ ಅದು ನಾಲ್ಕನೆಯ ಬಟ್ಟಲು.

ಇನ್ನು ನೆರೂಳಿನಲ್ಲಿ ಸ್ವಂತ ಬಲೆಗೆ ಚೆಂಡು ಸೇರಿಸಿದ ಆ ಹುಡುಗಿ. ಒಂಬತ್ತು ತಿಂಗಳ ಬಳಿಕ, 2023ರ ಆಗಸ್ಟ್ 8ರಂದು, ಹಿರಿಯರ ವಿಶ್ವಕಪ್ಪಿನಲ್ಲಿ ಕೊಲಂಬಿಯಾ ಮೆಲ್ಬರ್ನಿನಲ್ಲಿ ಜಮೈಕಾವನ್ನು ಎದುರಿಸಿತು. ಅದುವರೆಗೆ ಆ ಪಂದ್ಯಾವಳಿಯಲ್ಲಿ ಜಮೈಕಾದ ಬಲೆಗೆ ಒಂದು ಗೋಲೂ ಬಿದ್ದಿರಲಿಲ್ಲ. ಹಿಂದಿನ ಪಂದ್ಯಗಳಲ್ಲಿ ಆಡಿದ್ದ ರಕ್ಷಣೆಯ ಆಟಗಾರ್ತಿಯೊಬ್ಬಳು ಅಮಾನತಿನಲ್ಲಿದ್ದುದರಿಂದ ಹದಿನೆಂಟರ ಆನಾ ಮರೀಯಾ ಗುಸ್ಮಾನ್‌ಗೆ ಸ್ಥಾನ ಸಿಕ್ಕಿತು. 51ನೆಯ ನಿಮಿಷದಲ್ಲಿ ಎಡಭಾಗದಿಂದ ಆಕೆ ಮೈದಾನದ ಉದ್ದಗಲವನ್ನಳೆದಂತೆ ಚೆಂಡನ್ನು ಆಚೆ ಬದಿಗೆ ತೂರಿದಳು. ನಾಯಕಿ ಕತಲೀನಾ ಉಸ್ಮೆ ಅದನ್ನು ಹಿಡಿದು ನಿಲ್ಲಿಸಿ ಬಲೆಯ ಮೂಲೆಗೆ ಸೇರಿಸಿದಳು. ಪಂದ್ಯ 1–0. ಕೊಲಂಬಿಯಾದ ವನಿತೆಯರು ಮೊದಲ ಸಲ ವಿಶ್ವಕಪ್ಪಿನ ಎಂಟರ ಘಟ್ಟ ತಲುಪಿದರು. ಗೋಲಿಗೆ ಚೆಂಡು ಒದಗಿಸಿದವಳೆಂದು ದಾಖಲೆಯಲ್ಲಿ ಗುಸ್ಮಾನ್ ಹೆಸರು ಬರೆಯಲಾಯಿತು.